‘ಮಿ ಡಕ್’ ಅಂದರೆ ಬಾತುಕೋಳಿಯಾ, ಡ್ಯೂಕಾ?

ಹಾಸನದ ಸಿಸ್ಟರ್

ಎಲ್ಲರಿಗೂ ನಮಸ್ಕಾರ. ನಾನು ನರ್ಸ್. ಇಂಗ್ಲೆಂಡಿನ ಡರ್ಬಿಗೆ ಬಂದು ಹತ್ತು ತಿಂಗಳಾಯ್ತು. ಒಂದು ಪದದ ಬಗ್ಗೆ ಕೇಳಬೇಕಿತ್ತು. ನಗಬೇಡಿ. ಅಥವಾ ನಕ್ಕು ಆಮೇಲೆ ಉತ್ತರ ಕೊಡಿ.

ಕೆಲಸಕ್ಕೆ ಸೇರಿದ ಮೊದಲ ವಾರ, ರಾತ್ರಿ ಪಾಳಿ. ಎಂಬತ್ತು ದಾಟಿದ ಒಬ್ಬ ಅಜ್ಜ ಇದ್ದರು, ಹಿಂದೆ ಕಲ್ಲಿದ್ದಲು ಗಣಿಯಲ್ಲಿ ದುಡಿದವರು. ನಿದ್ದೆ ಬರಲಿಲ್ಲ, ಸ್ವಲ್ಪ ಟೀ ಸಿಗುತ್ತಾ ಅಂತ ಕೇಳಿದರು. ಮಾಡಿ ತಂದೆ. ಕಪ್ಪು ಕೈಗೆ ಕೊಡುವಾಗ ಅವರು ‘ಟಾ, ಮಿ ಡಕ್’ ಅಂದರು. ‘ಟಾ’ ಅಂದರೆ ಥ್ಯಾಂಕ್ಸ್ ಅಂತ ಗೊತ್ತಿತ್ತು. ‘ಡಕ್’ ಅಂದದ್ದು ಕೇಳಿದ ತಕ್ಷಣ ನಾನು ತಲೆ ಬಗ್ಗಿಸಿದೆ! ಪಕ್ಕದಲ್ಲೇ ಡ್ರಿಪ್ ಸ್ಟ್ಯಾಂಡ್ ಇತ್ತು. ಅದು ತಲೆ ಮೇಲೆ ಬೀಳ್ತಾ ಇದೆ, ‘ಬಗ್ಗು’ ಅಂತಿದ್ದಾರೆ ಅಂದುಕೊಂಡೆ. ಅರ್ಧ ಟೀ ಹೊದಿಕೆ ಮೇಲೆ. ಅಜ್ಜ ನಕ್ಕು ನಕ್ಕು ಕೆಮ್ಮು ಹತ್ತಿ, ಕೊನೆಗೆ ಬೆನ್ನು ತಟ್ಟಬೇಕಾಯ್ತು. ಭಾಷೆ ಪರೀಕ್ಷೆಯಲ್ಲಿ ಒಳ್ಳೆ ಅಂಕ ತಗೊಂಡೇ ಬಂದವಳು ನಾನು. ಅಲ್ಲಿ ಇದನ್ನು ಯಾರೂ ಕೇಳಿರಲಿಲ್ಲ.

ಆಮೇಲೆ ನೋಡಿದರೆ ಇಲ್ಲಿ ಎಲ್ಲರೂ ಎಲ್ಲರಿಗೂ ಡಕ್. ಅಂಗಡಿಯವರು, ಬಸ್ ಡ್ರೈವರ್, ಪೋಸ್ಟ್‌ಮನ್. ಮೊನ್ನೆ ಬಾಯ್ಲರ್ ರಿಪೇರಿಗೆ ಬಂದ ದೈತ್ಯ ದೇಹದವನೊಬ್ಬ ನನ್ನ ಗಂಡನಿಗೆ ‘ಆಲ್‌ರೈಟ್, ಮಿ ಡಕ್?’ ಅಂದ. ಇವರು ಇಡೀ ಸಂಜೆ ಅದನ್ನೇ ಯೋಚಿಸ್ತಾ ಕೂತಿದ್ದರು.

ಡ್ಯೂಟಿಯಲ್ಲಿ ಒಬ್ಬರು ‘ಅದು ಬಾತುಕೋಳಿನೇ’ ಅಂತಾರೆ. ಇನ್ನೊಬ್ಬರು ‘ಅಲ್ಲ, ಅದು ಡ್ಯೂಕ್, ಹಳೇ ಸ್ಯಾಕ್ಸನ್ ಕಾಲದ ಗೌರವದ ಪದ’ ಅಂತಾರೆ. ಯಾವುದು ನಿಜ? ಮತ್ತೆ, ತಿರುಗಿ ನಾನೂ ಹಾಗೆ ಅನ್ನಬಹುದಾ?

ಲೆಸ್ಟರ್ ಸೊಸೆ

ಅಯ್ಯೋ, ನನ್ನ ಮೊದಲ ವರ್ಷ ನೆನಪಾಯ್ತು! ಹದಿನಾಲ್ಕು ವರ್ಷದಿಂದ ಲೆಸ್ಟರಲ್ಲಿ ಇದ್ದೀನಿ. ಡರ್ಬಿ, ನಾಟಿಂಗ್‌ಹ್ಯಾಮ್, ಲೆಸ್ಟರ್, ಆ ಕಡೆ ಸ್ಟೋಕ್, ಇಷ್ಟೂ ಡಕ್ ಸೀಮೆ. ‘ಮಿ’ ಅಂದರೆ ಇವರ ಬಾಯಲ್ಲಿ ‘ಮೈ’. ಸಿಕ್ಕಾಗ ‘ಏ ಅಪ್, ಮಿ ಡಕ್’, ಹೊರಡುವಾಗ ‘ಟರಾ, ಡಕ್’. ಮಧ್ಯೆ ಏನು ಮಾತಾಡಿದರು ಅಂತ ನನಗೂ ಎಷ್ಟೋ ಸಲ ಗೊತ್ತಾಗಲ್ಲ. ಸಂತೆಯಲ್ಲಿ ಇದನ್ನೇ ಬರೆದ ಟೀ ಮಗ್ಗು, ಕೈಒರೆಸುವ ಬಟ್ಟೆ ಎಲ್ಲಾ ಮಾರ್ತಾರೆ. ಊರಿಗೆ ಬಂದಾಗ ಅತ್ತೆಗೆ ಒಂದು ಮಗ್ಗು ತಂದುಕೊಟ್ಟಿದ್ದೆ. ಅವರು ಅದರಲ್ಲಿ ಹಲ್ಲುಜ್ಜೋ ಬ್ರಷ್ ಇಟ್ಟಿದ್ದಾರೆ.

ಯಜಮಾನರಿಗೆ ಹೇಳಿ, ತಲೆ ಕೆಡಿಸಿಕೊಳ್ಳೋದು ಬೇಡ. ಇಲ್ಲಿ ಗಂಡಸರು ಗಂಡಸರಿಗೂ ಡಕ್ ಅಂತಾರೆ. ಅದರಲ್ಲಿ ಬೇರೆ ಏನೂ ಇಲ್ಲ.

ಕಾಫಿ ಕಷಾಯ

ಡ್ಯೂಕ್ ಅನ್ನೋದೇ ಸರಿ ಸಿಸ್ಟರ್. ನಾವು ನಾಟಿಂಗ್‌ಹ್ಯಾಮ್ ನೋಡೋಕೆ ಹೋಗಿದ್ದಾಗ ಸ್ಥಳೀಯರೊಬ್ಬರು ವಿವರವಾಗಿ ಹೇಳಿದರು. ಸ್ಯಾಕ್ಸನ್ನರ ಕಾಲದಲ್ಲಿ ‘ಡೂಕಸ್’ ಅಂತ ಒಂದು ಪದ ಇತ್ತಂತೆ, ‘ಒಡೆಯಾ’ ಅನ್ನೋ ಹಾಗೆ. ಅದೇ ಸವೆದು ಸವೆದು ಡಕ್ ಆಯಿತಂತೆ. ಯಾರಾದರೂ ಗುರುತಿಲ್ಲದವರನ್ನು ಬಾತುಕೋಳಿ ಅಂತ ಕರೀತಾರಾ? ನೀವೇ ಹೇಳಿ.

ಪದಕೆದಕ

ಕಷಾಯದವರೇ, ಬೇಜಾರು ಮಾಡ್ಕೋಬೇಡಿ. ಆ ಕಥೆ ಇಲ್ಲಿ ಎಲ್ಲರ ಬಾಯಲ್ಲೂ ಇದೆ, ಪತ್ರಿಕೆಗಳಲ್ಲೂ ಬರುತ್ತೆ. ಆದರೆ ನಿಲ್ಲುವ ಕಥೆ ಅಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಟೀ ಇಟ್ಟುಕೊಂಡು ಓದಿ.

ಮೊದಲು ‘ಡ್ಯೂಕ್’. ಅದರ ಬೇರು ಲ್ಯಾಟಿನ್ನಿನ ‘ಡುಕ್ಸ್’, ಅಂದರೆ ಮುಂದೆ ನಿಂತು ನಡೆಸುವವನು. ಇಂಗ್ಲಿಷಿಗೆ ಬಂದದ್ದು ಫ್ರೆಂಚಿನಿಂದ, ಅದೂ 1066ರಲ್ಲಿ ನಾರ್ಮನ್ನರು ಗೆದ್ದ ಮೇಲೆ. ಅದಕ್ಕೂ ಮುಂಚಿನ ಸ್ಯಾಕ್ಸನ್ನರು ತಮ್ಮ ನಾಯಕನಿಗೆ ‘ಎಆಲ್ಡರ್‌ಮನ್’ ಅಂತಲೋ ‘ಹೆರೆಟೊಗ’ ಅಂತಲೋ ಅನ್ನುತ್ತಿದ್ದರು. ಇಂಗ್ಲೆಂಡಿನಲ್ಲಿ ಮೊಟ್ಟಮೊದಲು ಒಬ್ಬನಿಗೆ ಡ್ಯೂಕ್ ಪಟ್ಟ ಕಟ್ಟಿದ್ದು 1337ರಲ್ಲಿ. ಮೂರನೇ ಎಡ್ವರ್ಡ್ ರಾಜ ತನ್ನ ಮಗನನ್ನು ಕಾರ್ನ್‌ವಾಲಿನ ಡ್ಯೂಕ್ ಮಾಡಿದ. ಡ್ಯೂಕೇ ಇಲ್ಲದ ಕಾಲದಲ್ಲಿ ಸಂತೆಯಲ್ಲಿ ತರಕಾರಿ ಮಾರುವವರು ಒಬ್ಬರಿಗೊಬ್ಬರು ‘ಡ್ಯೂಕಾ’ ಅಂತ ಕರೆದುಕೊಳ್ಳುವುದು ಹೇಗೆ? ಇನ್ನೊಂದು ವಿಷಯ. ‘ಡ್ಯೂಕ್’ನಲ್ಲಿ ಇರುವುದು ಎಳೆದ ‘ಊ’. ಅದು ‘ಡಕ್’ ಆಗಬೇಕಿದ್ದರೆ ನಡುವೆ ಎಲ್ಲಾದರೂ ಹೆಜ್ಜೆ ಗುರುತು ಸಿಗಬೇಕಿತ್ತು. ಇಲ್ಲ.

ಇನ್ನು ಬಾತುಕೋಳಿ. ಹಳೇ ಇಂಗ್ಲಿಷಿನಲ್ಲಿ ಈ ಹಕ್ಕಿಗೆ ಜಾಸ್ತಿ ಬಳಕೆಯಲ್ಲಿದ್ದ ಹೆಸರು ‘ಎನೆಡ್’. ಜರ್ಮನ್ನರು ಇವತ್ತಿಗೂ ‘ಎಂಟೆ’ ಅನ್ನುತ್ತಾರಲ್ಲ, ಅದರ ಒಡಹುಟ್ಟು. ಅದರ ಜೊತೆಗೇ ಇನ್ನೊಂದು ಹೆಸರೂ ಇತ್ತು. ‘ಮುಳುಗು, ತಟ್ಟನೆ ತಲೆ ತಗ್ಗಿಸು’ ಅನ್ನುವ ಕ್ರಿಯಾಪದದಿಂದ ಹುಟ್ಟಿದ ಹೆಸರು. ಅಂದರೆ ‘ಮುಳುಗುವ ಹಕ್ಕಿ’. ಕೆರೆಯಲ್ಲಿ ಬಾತುಕೋಳಿ ತಲೆ ಒಳಗೆ, ಬಾಲ ಮೇಲೆ ಮಾಡಿಕೊಂಡು ಮೇಯುವುದನ್ನು ನೋಡಿದ್ದೀರಲ್ಲ? ಅದೇ. ಆ ಎರಡನೇ ಹೆಸರು ಗೆದ್ದಿತು, ‘ಎನೆಡ್’ ಕಳೆದುಹೋಯಿತು.

ಹಾಗಾಗಿ ಸಿಸ್ಟರ್, ನೀವು ಅವತ್ತು ರಾತ್ರಿ ತಲೆ ಬಗ್ಗಿಸಿದ್ದು ತಪ್ಪೇನಲ್ಲ. ಪದದ ಬುಡಕ್ಕೇ ಹೋಗಿಬಿಟ್ಟಿರಿ. ಬಗ್ಗುವುದು ಮೊದಲು, ಹಕ್ಕಿ ಆಮೇಲೆ, ಅಕ್ಕರೆ ಅದಕ್ಕೂ ಆಮೇಲೆ.

ಅಕ್ಕರೆಯ ಅರ್ಥ ಬರಹದಲ್ಲಿ ಕಾಣಿಸಿಕೊಳ್ಳುವುದು 16ನೇ ಶತಮಾನದ ಕೊನೆಯ ಹೊತ್ತಿಗೆ. ಶೇಕ್ಸ್‌ಪಿಯರ್ ನಾಟಕಗಳಲ್ಲಿ ನಾಲ್ಕು ಕಡೆಯಾದರೂ ಇದೆ. ಯಾರ ಬಾಯಲ್ಲಿ ಅಂತ ನೋಡಿ. ‘ಎ ಮಿಡ್‌ಸಮರ್ ನೈಟ್ಸ್ ಡ್ರೀಮ್’ನಲ್ಲಿ ಬಾಟಮ್ ಅನ್ನುವ ನೇಕಾರ ಪ್ರೇಮಿಯ ವೇಷ ಹಾಕಿರುತ್ತಾನೆ. ನಲ್ಲೆಯ ರಕ್ತದ ಮೇಲುಹೊದಿಕೆ ಸಿಕ್ಕಾಗ ‘ಓ ಡೇಂಟಿ ಡಕ್, ಓ ಡಿಯರ್’ ಅಂತ ಗೋಳಾಡುತ್ತಾನೆ. ನಮ್ಮ ಕಂಪನಿ ನಾಟಕದ ಹಾಸ್ಯಪಾತ್ರ ಅಳುವ ಧಾಟಿ. ‘ದಿ ವಿಂಟರ್ಸ್ ಟೇಲ್’ನಲ್ಲಿ ಪಟ್ಟಿ, ಲೇಸು ಮಾರುವ ಬೀದಿ ವ್ಯಾಪಾರಿ ಗಿರಾಕಿಗಳನ್ನು ಹೀಗೆ ಕರೆಯುತ್ತಾನೆ. ‘ಹೆನ್ರಿ 5’ರಲ್ಲಿ ಪಿಸ್ಟಲ್ ಅನ್ನುವ ಒರಟು ಸೈನಿಕ ಯುದ್ಧಕ್ಕೆ ಹೊರಡುವಾಗ ಹೆಂಡತಿಗೆ ‘ಮೈ ಡಕ್’ ಅನ್ನುತ್ತಾನೆ. ನೇಕಾರ, ಬೀದಿ ವ್ಯಾಪಾರಿ, ಸೈನಿಕ. ಒಬ್ಬನೂ ಡ್ಯೂಕ್ ಅಲ್ಲ. ಈ ಪದ ಅವತ್ತಿನಿಂದಲೂ ಸಂತೆಯ ಪದವೇ.

ಗಾಂಧಿಬಜಾರ್ ಗುಂಡ

ಇದು ನಮ್ಮ ಬೆಂದಕಾಳೂರಿನ ಕಥೆ ಥರಾನೇ ಆಯ್ತಲ್ಲ! ಹೊಯ್ಸಳ ರಾಜ ವೀರಬಲ್ಲಾಳ ಬೇಟೆಗೆ ಬಂದ, ದಾರಿ ತಪ್ಪಿದ, ಅಜ್ಜಿ ಬೆಂದ ಕಾಳು ಕೊಟ್ಟಳು, ಅದಕ್ಕೇ ಬೆಂಗಳೂರು. ಆದರೆ ಬೇಗೂರಿನ ನಾಗೇಶ್ವರ ದೇವಸ್ಥಾನದ ವೀರಗಲ್ಲಿನಲ್ಲಿ ‘ಬೆಂಗಳೂರು ಕಾಳಗ’ ಅಂತ ಕೆತ್ತಿದ್ದಾರೆ. ಅದು ಸುಮಾರು 890ರದ್ದು. ವೀರಬಲ್ಲಾಳ ಹುಟ್ಟುವುದಕ್ಕೆ ಇನ್ನೂ ಇನ್ನೂರೈವತ್ತು ವರ್ಷ ಬೇಕಿತ್ತು.

ಆದರೂ ಶಾಲೆಯಲ್ಲಿ ಮೇಷ್ಟ್ರು ಹೇಳಿದ್ದು ಅಜ್ಜಿ ಕಥೆನೇ. ನಾನೂ ನನ್ನ ಮಗಳಿಗೆ ಹೇಳಿದ್ದು ಅದನ್ನೇ. ರಾಜ ಬಂದರೆ ಕಥೆಗೆ ಒಂದು ತೂಕ ಬರುತ್ತೆ. ವೀರಗಲ್ಲಿನಲ್ಲಿ ಯಾರಿಗೆ ಯಾವ ಕಾಳು ಸಿಗುತ್ತೆ?

ಪದಕೆದಕ

ಅಷ್ಟೇ ವಿಷಯ. ಎಲ್ಲೇ ಆಗಲಿ, ತಮ್ಮ ಮಾತಿಗೆ ಒಬ್ಬ ರಾಜನನ್ನೋ ಡ್ಯೂಕನನ್ನೋ ಹುಡುಕಿ ಕೂರಿಸುತ್ತಾರೆ. ಅದರಲ್ಲೂ ಈ ಕಡೆಯ ಗಣಿ, ಕುಂಬಾರಿಕೆ, ಹೊಸಿಯರಿ ಊರುಗಳ ಮಾತನ್ನು ಲಂಡನ್ನಿನವರು ಆಡಿಕೊಳ್ಳುವುದು ಹಳೇ ಚಾಳಿ. ‘ನಮ್ಮದು ಬಾತುಕೋಳಿ ಅಲ್ಲ, ಡ್ಯೂಕ್’ ಅಂದರೆ ಮರ್ಯಾದೆ ಬಂತು ಅನ್ನೋ ಲೆಕ್ಕ. ನನಗಂತೂ ಬಾತುಕೋಳಿಯೇ ಹೆಚ್ಚು ಇಷ್ಟ.

ಕಾಫಿ ಕಷಾಯ

ಒಪ್ಪಿದೆ. ಆದರೆ ನನಗೆ ಹೇಳಿದ ಆ ಸ್ಥಳೀಯರು ಬಹಳ ಒಳ್ಳೆಯವರು. ಕಾಫಿಯನ್ನೂ ಕೊಡಿಸಿದರು. ಅವರಿಗೆ ಮಾತ್ರ ಈ ಕೊಂಡಿ ಕಳಿಸಲ್ಲ.

ಶೂನ್ಯ ಸಂಪಾದನೆ ಅಲ್ಲ

ಕ್ರಿಕೆಟ್ಟಿನ ‘ಡಕ್’ಗೂ ಇದಕ್ಕೂ ಏನಾದರೂ ಸಂಬಂಧ ಇದೆಯಾ? 2011ರಲ್ಲಿ ದ್ರಾವಿಡ್ 117 ಹೊಡೆದ ಆ ಟ್ರೆಂಟ್ ಬ್ರಿಡ್ಜ್ ಇರೋದೂ ನಾಟಿಂಗ್‌ಹ್ಯಾಮಿನಲ್ಲೇ. ಅಲ್ಲಿ ಬ್ಯಾಟ್ಸ್‌ಮನ್ ಸೊನ್ನೆಗೆ ಔಟಾಗಿ ಬಂದಾಗ ಗೇಟಿನವನು ‘ಅನ್‌ಲಕ್ಕಿ, ಡಕ್’ ಅಂದರೆ ಹೊಡೆದಾಟ ಆಗಲ್ವಾ?

ಪದಕೆದಕ

ಹಕ್ಕಿ ಒಂದೇ, ದಾರಿ ಬೇರೆ. ಸೊನ್ನೆ ನೋಡೋಕೆ ಮೊಟ್ಟೆ ಥರ ಇರುತ್ತಲ್ಲ, ಮೊದಲು ‘ಡಕ್ಸ್ ಎಗ್’ ಅಂತಿದ್ದರು. ಆಮೇಲೆ ಮೊಟ್ಟೆ ಬಿಟ್ಟು ಬಾತುಕೋಳಿ ಉಳಿಸಿಕೊಂಡರು.

ಮ್ಯಾಂಚೆಸ್ಟರ್ ಮಳೆ

ನಮ್ಮ ಕಡೆ ಡಕ್ ಅಷ್ಟಿಲ್ಲ. ಲ್ಯಾಂಕಶೈರಿನಲ್ಲಿ ಹಳೇ ತಲೆಮಾರಿನವರು ‘ಕಾಕ್’ ಅಂತಾರೆ, ಹುಂಜ. ಮೊದಲ ಸಲ ಕೇಳಿದಾಗ ನನಗೆ ಬೈದರು ಅಂತಲೇ ಅನ್ನಿಸಿತ್ತು! ‘ಚಕ್’ ಅಂತಲೂ ಅಂತಾರೆ. ಅದು ‘ಚಿಕ್’, ಕೋಳಿಮರಿ ಅನ್ನೋದರ ಇನ್ನೊಂದು ರೂಪ. ಅದೂ ಹಳೇದೇ. ಮ್ಯಾಕ್‌ಬೆತ್ ಕೊಲೆ ಮಾಡಿಸುವ ಸನ್ನಾಹದ ನಡುವೆ ಹೆಂಡತಿಗೆ ‘ಡಿಯರೆಸ್ಟ್ ಚಕ್’ ಅಂತಾನೆ. ಎಂಥಾ ಹೊತ್ತಿನಲ್ಲಿ ಎಂಥಾ ಮಾತು.

ಸ್ಕಾಟ್ಲೆಂಡಿಗೆ ಹೋದರೆ ಹೆಂಗಸರಿಗೆ ‘ಹೆನ್’. ನನ್ನ ತಂಗಿ ಗ್ಲಾಸ್ಗೊದಲ್ಲಿ ಓದೋಕೆ ಹೋದಾಗ ಅಂಗಡಿಯಾಕೆ ‘ದೇರ್ ಯು ಗೋ, ಹೆನ್’ ಅಂದರಂತೆ. ‘ಅಕ್ಕಾ, ನನ್ನ ಹೇಟೆ ಅಂದುಬಿಟ್ಟರು’ ಅಂತ ಫೋನ್ ಮಾಡಿದಳು. ಕಾರ್ನ್‌ವಾಲ್, ಡೆವನ್ ಕಡೆ ನೇರವಾಗಿ ‘ಮೈ ಬರ್ಡ್’ ಅಂತಾರೆ. ಒಟ್ಟಿನಲ್ಲಿ ಇಡೀ ದ್ವೀಪವೇ ಒಂದು ಕೋಳಿಗೂಡು.

ಲೆಸ್ಟರ್ ಸೊಸೆ

ಹಹಹ! ನಾವೇನು ಕಡಿಮೆನಾ? ಗಿಣಿ, ಅರಗಿಣಿ, ಗುಬ್ಬಚ್ಚಿ. ನಮ್ಮಜ್ಜಿ ನನ್ನನ್ನು ‘ಗುಬ್ಬಿಮರಿ’ ಅಂತಲೇ ಕರೀತಿದ್ದರು. ‘ಬಾತುಕೋಳಿ’ ಅಂತ ಮಾತ್ರ ಯಾರೂ ಮುದ್ದು ಮಾಡಿದ್ದು ಕೇಳಿಲ್ಲ. ನಮ್ಮಲ್ಲಿ ಅದು ನಡಿಗೆಗೆ ಹೇಳೋ ಮಾತು.

ನ್ಯೂಕ್ಯಾಸಲ್ ನಿಂಗ

ಇಲ್ಲಿ ‘ಪೆಟ್’. ಸಾಕುಪ್ರಾಣಿ ಅಂತ ಯಾರೂ ಕೋಪ ಮಾಡ್ಕೋಬೇಡಿ. ಆ ಪದ ಹುಟ್ಟಿದ್ದೇ ಸ್ಕಾಟ್ಲೆಂಡ್ ಮತ್ತು ಉತ್ತರ ಇಂಗ್ಲೆಂಡಿನ ಮಾತಿನಲ್ಲಿ. ಕೈಯಾರೆ ಹಾಲು ಕುಡಿಸಿ ಬೆಳೆಸಿದ ಕುರಿಮರಿಗೆ ಹಾಗನ್ನುತ್ತಿದ್ದರು. ನಾನು ಕುರುಬರ ಮನೆಯವನು. ತಾಯಿ ಸತ್ತ ಮರಿಗೆ ನಮ್ಮಪ್ಪ ರಾತ್ರಿ ಎದ್ದು ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದದ್ದು ನೋಡಿದ್ದೀನಿ. ಅದು ದೊಡ್ಡದಾದ ಮೇಲೂ ಹಟ್ಟಿಗೆ ಹೋಗ್ತಿರಲಿಲ್ಲ, ಅಪ್ಪನ ಹಿಂದೆಯೇ ತಿರುಗ್ತಿತ್ತು. ಅದಕ್ಕೇ ಇಲ್ಲಿ ಅಂಗಡಿಯವರು ‘ಪೆಟ್’ ಅಂದರೆ ನನಗೆ ಏನೂ ಅನ್ನಿಸಲ್ಲ. ಸರಿಯಾಗೇ ಕರೀತಿದ್ದಾರೆ ಅನ್ನಿಸುತ್ತೆ.

‘ಹಿನ್ನಿ’ ಅಂತಲೂ ಇದೆ. ‘ಹನಿ’ಯ ಇಲ್ಲಿನ ಉಚ್ಚಾರಣೆ, ಜೇನು.

ಕೋರಮಂಗಲ ಕೋಡು

ಇಷ್ಟೆಲ್ಲಾ ಆಯ್ತು, ನಮಗೆಲ್ಲ ಗೊತ್ತಿರೋ ‘ಡಾರ್ಲಿಂಗ್’ ಬಗ್ಗೆ ಯಾರೂ ಹೇಳಲಿಲ್ಲ. ಸಿನಿಮಾದವರಿಂದ ಕಲಿತ ಮೊದಲ ಇಂಗ್ಲಿಷ್ ಪದ ನನಗೆ ಅದೇ.

ಪದಕೆದಕ

ಅದು ಇನ್ನೂ ಮಜವಾಗಿದೆ. ‘ಡಾರ್ಲಿಂಗ್’ ಹಳೇ ಇಂಗ್ಲಿಷಿನಲ್ಲಿ ‘ದೇಓರ್ಲಿಂಗ್’. ಸಾವಿರ ವರ್ಷಕ್ಕಿಂತ ಹಳೇ ಪದ. ಮೊದಲ ಭಾಗ ‘ಡಿಯರ್’. ಎರಡನೇ ಭಾಗ ‘ಲಿಂಗ್’. ಅದೊಂದು ಬಾಲ. ‘ಡಕ್ಲಿಂಗ್’ ಅಂದರೆ ಬಾತುಕೋಳಿ ಮರಿ, ‘ಗಾಸ್ಲಿಂಗ್’ ಅಂದರೆ ಹೆಬ್ಬಾತಿನ ಮರಿ, ‘ಸ್ಯಾಪ್ಲಿಂಗ್’ ಅಂದರೆ ಎಳೇ ಗಿಡ. ಈಗ ಡಾರ್ಲಿಂಗನ್ನು ಕನ್ನಡಕ್ಕೆ ತನ್ನಿ. ‘ಮುದ್ದುಮರಿ’. ನಾವು ‘ಏನ್ ಮರಿ, ಊಟ ಆಯ್ತಾ’ ಅಂತೀವಲ್ಲ, ಆ ಮರಿಯೂ ನಾಯಿಮರಿ, ಕುರಿಮರಿಯ ಮರಿಯೇ. ಯಾರೂ ಯಾರಿಂದಲೂ ಕದ್ದದ್ದಲ್ಲ. ಚಿಕ್ಕದನ್ನು ಕಂಡರೆ ಎಲ್ಲ ಕಡೆಯೂ ಮನಸ್ಸು ಹಾಗೇ ಹೋಗುತ್ತೆ.

ಮತ್ತೆ ಆ ‘ದೇಓರ್’ ಸವೆದು ಆದ ‘ಡೆರ್’ ಹೇಗೆ ‘ಡಾರ್’ ಆಯ್ತು? ಅದಕ್ಕೆ ಉತ್ತರ ಸಿಸ್ಟರ್ ಇರುವ ಊರಲ್ಲೇ ಇದೆ. ನಾವು ಬರೆಯೋದು ಡರ್ಬಿ. ಅಲ್ಲಿಯವರು ಏನಂತಾರೆ ಕೇಳಿ. ‘ಡಾರ್ಬಿ’. ‘ಕ್ಲರ್ಕ್’ ಅಂತ ಬರೆದು ‘ಕ್ಲಾರ್ಕ್’ ಅಂತಾರೆ. ಒಂದು ಕಾಲದಲ್ಲಿ ಇಂಗ್ಲಿಷಿನಲ್ಲಿ ಎಷ್ಟೋ ಪದಗಳ ‘ಎರ್’ ಜಾರಿ ‘ಆರ್’ ಆಯಿತು. ಡಾರ್ಲಿಂಗಿನಲ್ಲಿ ಸ್ಪೆಲ್ಲಿಂಗೂ ಜೊತೆಗೆ ಹೋಯಿತು, ಡರ್ಬಿಯಲ್ಲಿ ಸ್ಪೆಲ್ಲಿಂಗ್ ಅಲ್ಲೇ ನಿಂತಿತು.

ಹಾಸನದ ಸಿಸ್ಟರ್

ಓಹೋ! ಇದಕ್ಕಾ! ಹತ್ತು ತಿಂಗಳಿಂದ ನಾನು ಟ್ಯಾಕ್ಸಿಯವರಿಗೆ ‘ಡರ್ಬಿ’ ಅಂತ ಹೇಳ್ತಾ, ಅವರು ‘ಡಾರ್ಬಿ, ಡಕ್’ ಅಂತ ತಿದ್ದುತ್ತಾ ಬಂದಿದ್ದಾರೆ. ನಾನು ಅದು ಇಲ್ಲಿನವರ ಹಳ್ಳಿ ಮಾತು ಅಂದುಕೊಂಡಿದ್ದೆ.

ಅಜ್ಜಿ ಕೈ ಚಿತ್ರಾನ್ನ

‘ಡಿಯರ್’ ಅಂದಾಗ ಒಂದು ನೆನಪಾಯ್ತು. ಇಂಗ್ಲಿಷಿನಲ್ಲಿ ಅದಕ್ಕೆ ಮುದ್ದು ಅನ್ನೋ ಅರ್ಥವೂ ಇದೆ, ದುಬಾರಿ ಅನ್ನೋ ಅರ್ಥವೂ ಇದೆ. ನಮ್ಮ ಅಜ್ಜಿ ಅಂಗಡಿಯಿಂದ ಬಂದವರೇ ‘ಬೇಳೆ ಬಲು ಪ್ರಿಯವಾಗಿದೆ ಕಣೇ’ ಅಂತಿದ್ದರು. ಚಿಕ್ಕವಳಿದ್ದಾಗ ನನಗೆ ಅರ್ಥವೇ ಆಗ್ತಿರಲಿಲ್ಲ. ಬೇಳೆ ಇಷ್ಟ ಆದರೆ ಯಾಕೆ ಮುಖ ಸಿಂಡರಿಸ್ತಾರೆ? ಆಮೇಲೆ ಗೊತ್ತಾಯ್ತು, ಪ್ರಿಯ ಅಂದರೆ ರೇಟು ಜಾಸ್ತಿ ಅಂತ. ತೆಲುಗಿನವರೂ ಹಾಗೇ ಅಂತಾರೆ. ಈಗಿನವರು ದುಬಾರಿ, ಕಾಸ್ಟ್ಲಿ ಅಂತೀವಿ. ಆ ಪ್ರಿಯ ಹೋಗಿ ಮದುವೆ ಕಾಗದದ ಮೇಲಿನ ಪ್ರಿಯ ಮಾತ್ರ ಉಳಿದಿದೆ.

ಗಾಂಧಿಬಜಾರ್ ಗುಂಡ

ನಮ್ಮನೆಯವರಿಗೆ ಎರಡೂ ಅರ್ಥದಲ್ಲಿ ಪ್ರಿಯೆ ಅನ್ನಬಹುದು. ಅವರು ಈ ಗುಂಪಿನಲ್ಲಿ ಇಲ್ಲ ಅಂತ ಧೈರ್ಯವಾಗಿ ಬರೀತಿದ್ದೀನಿ.

ಹುಬ್ಬಳ್ಳಿ ಹವಾ

ಎಲ್ಲರೂ ಪದದ ಬೇರು ಹುಡುಕ್ತಿದ್ದೀರಿ, ಕೆಲಸ ಏನು ಮಾಡುತ್ತೆ ಅಂತ ಯಾರೂ ಕೇಳಲಿಲ್ಲ. ನಾನು ಆರು ವರ್ಷ ನಾಟಿಂಗ್‌ಹ್ಯಾಮಿನಲ್ಲಿ ಇದ್ದೆ. ನನಗೆ ಅನ್ನಿಸಿದ್ದು ಹೇಳ್ತೀನಿ. ಡಕ್ ಅನ್ನೋದನ್ನು ಡಾರ್ಲಿಂಗ್ ಜೊತೆ ಇಡಬೇಡಿ. ಅದನ್ನು ಇಡಬೇಕಾದ್ದು ನಮ್ಮ ಅಣ್ಣ, ಅಕ್ಕ, ಯಪ್ಪಾ, ಯವ್ವಾ ಜೊತೆ.

ನಮ್ಮೂರಿನ ಸಂತೆಯಲ್ಲಿ ಕಾಯಿಪಲ್ಲೆ ಮಾರುವಾಕೆ ಗುರುತಿಲ್ಲದ ಹುಡುಗಿಗೆ ‘ಬಾ ಯವ್ವಾ, ಬದನಿಕಾಯಿ ತಾಜಾ ಅದಾವ ನೋಡು’ ಅಂತಾಳೆ. ಕಂಡಕ್ಟರ್ ಶಾಲೆ ಹುಡುಗನಿಗೆ ‘ಮುಂದ ಹೋಗಪಾ ತಮ್ಮಾ’ ಅಂತಾನೆ. ಯಾರೂ ಯಾರಿಗೂ ಅವ್ವನೂ ಅಲ್ಲ, ತಮ್ಮನೂ ಅಲ್ಲ. ಆದರೆ ಆ ಒಂದು ಮಾತು ಇಲ್ಲದೇ ಹೋದರೆ ವಾಕ್ಯ ಒರಟಾಗುತ್ತೆ. ‘ಮುಂದೆ ಹೋಗು’ ಅಂದರೆ ಗದರಿಸಿದ ಹಾಗೆ, ‘ಮುಂದ ಹೋಗಪಾ’ ಅಂದರೆ ಕೇಳಿಕೊಂಡ ಹಾಗೆ.

ಇಂಗ್ಲಿಷಿನಲ್ಲಿ ಬೀದಿಯಲ್ಲಿ ಸಿಕ್ಕವರನ್ನು ಬ್ರದರ್, ಸಿಸ್ಟರ್ ಅಂತ ಕರೆಯುವ ರೂಢಿ ಇಲ್ಲಿ ಅಷ್ಟಾಗಿ ಇಲ್ಲ. ಸರ್, ಮೇಡಮ್ ಅಂದರೆ ದೂರ ಆಗುತ್ತೆ. ಆ ಖಾಲಿ ಜಾಗದಲ್ಲಿ ಒಂದೊಂದು ಸೀಮೆಯವರು ಒಂದೊಂದು ಪದ ತಂದು ಇಟ್ಟುಕೊಂಡಿದ್ದಾರೆ. ಇವರು ಡಕ್, ಅವರು ಪೆಟ್, ಯಾರ್ಕ್‌ಶೈರಿನವರು ಲವ್, ಬರ್ಮಿಂಗ್‌ಹ್ಯಾಮಿನವರು ಬ್ಯಾಬ್. ಹೆಸರಲ್ಲಿ ಪ್ರೀತಿ ಇದೆ, ಕೆಲಸ ಮಾತ್ರ ಕಂಡಕ್ಟರ್ ‘ಅಪಾ’ದ್ದು.

ಮ್ಯಾಂಚೆಸ್ಟರ್ ಮಳೆ

ಇದು ಸರಿ! ಮತ್ತೆ ಒಂದು ವಿಷಯದಲ್ಲಿ ಡಕ್ ನಮ್ಮದಕ್ಕಿಂತ ಮೇಲು. ಡಕ್‌ಗೆ ವಯಸ್ಸಿಲ್ಲ. ನಮ್ಮಲ್ಲಿ ಬಾಯಿ ಬಿಡುವುದಕ್ಕೆ ಮುಂಚೆ ಲೆಕ್ಕ ಹಾಕಬೇಕು. ಅಕ್ಕನಾ, ಅಮ್ಮನಾ, ತಂಗಿನಾ? ಕಳೆದ ಸಲ ಊರಿಗೆ ಬಂದಾಗ ಹಾಲಿನ ಬೂತಿನ ಹುಡುಗ ನನಗೆ ‘ಆಂಟಿ’ ಅಂದ. ನನಗೆ ಮೂವತ್ತೆರಡು. ಹಾಲು ಬಿಟ್ಟು ವಾಪಸ್ ಬಂದೆ. ಆರು ವರ್ಷದ ಮಗುವೂ ಡಕ್, ಎಂಬತ್ತರ ಅಜ್ಜಿಯೂ ಡಕ್ ಅಂದರೆ ಎಷ್ಟು ನೆಮ್ಮದಿ ಅಲ್ವಾ?

ಲೀಡ್ಸ್ ಲಂಗದಾವಣಿ

ಎಲ್ಲರೂ ಇಷ್ಟು ಮುದ್ದು ಮಾಡ್ತಿರೋವಾಗ ನಾನು ಹುಳಿ ಹಿಂಡ್ತೀನಿ, ಕ್ಷಮಿಸಿ. ನಮ್ಮ ಕಡೆ ‘ಲವ್’. ಬಸ್ಸಿನಲ್ಲಿ, ಮಾರ್ಕೆಟ್ಟಿನಲ್ಲಿ ಯಾರಾದರೂ ‘ಟಾ, ಲವ್’ ಅಂದರೆ ನನಗೂ ಖುಷಿನೇ. ಆದರೆ ಹಿಂದೆ ಕೆಲಸ ಮಾಡ್ತಿದ್ದ ಕಡೆ ಒಬ್ಬ ಮೇಲಿನವನಿದ್ದ. ಮೀಟಿಂಗಿನಲ್ಲಿ ಗಂಡಸರನ್ನೆಲ್ಲ ಹೆಸರು ಹಿಡಿದು ಕರೆಯೋನು. ನಾನು ಬಾಯಿ ತೆಗೆದರೆ ‘ಒಂದು ನಿಮಿಷ, ಲವ್’. ಎರಡು ವರ್ಷ ಅದನ್ನೇ ಕೇಳಿದೆ. ಒಂದು ದಿನ ನಾನೂ ‘ಆಯ್ತು, ಲವ್’ ಅಂದೆ. ಕೋಣೆ ಸುಮ್ನಾಯ್ತು. ಆಮೇಲೆ ಅವನು ಹೆಸರು ಹಿಡಿದು ಕರೆಯೋಕೆ ಶುರು ಮಾಡಿದ.

ಪದ ಒಂದೇ. ಎಲ್ಲರಿಗೂ ಅಂದರೆ ಒಂದು, ಆರಿಸಿ ಕೆಲವರಿಗೆ ಮಾತ್ರ ಅಂದರೆ ಇನ್ನೊಂದು.

ಹುಬ್ಬಳ್ಳಿ ಹವಾ

ಖರೆ ಐತಿ. ನಮ್ಮ ‘ಏನಮ್ಮಾ’ ಕೂಡ ಹಾಗೇ. ತರಕಾರಿಯವಳು ಅಂದರೆ ಅಕ್ಕರೆ. ಕಚೇರಿ ಮೇಜಿನ ಆಚೆ ಕೂತವನು ಕನ್ನಡಕ ಕೆಳಗೆ ಜಾರಿಸಿ ‘ಏನಮ್ಮಾ’ ಅಂದರೆ ಅರ್ಜಿ ನಾಳೆಗೆ ಹೋಯ್ತು ಅಂತಲೇ ಅರ್ಥ.

ಇತಿಹಾಸದ ಇಲಿ

ತಡವಾಗಿ ಬಂದೆ. ‘ಡಕ್’ ಬಗ್ಗೆ ಒಂದು ಕಿಡಿಗೇಡಿ ಸಾಕ್ಷಿ ಇದೆ, ಮಕ್ಕಳು ಪಕ್ಕದಲ್ಲಿದ್ದರೆ ಜೋರಾಗಿ ಓದಬೇಡಿ. ಎಂಟನೇ ಹೆನ್ರಿ ರಾಜ ಆನ್ ಬೊಲಿನ್‌ಗೆ ಬರೆದ ಹದಿನೇಳು ಪ್ರೇಮಪತ್ರಗಳು ಉಳಿದಿವೆ. ಇರುವುದೂ ಎಲ್ಲಿ ಗೊತ್ತಾ? ವ್ಯಾಟಿಕನ್ ಗ್ರಂಥಾಲಯದಲ್ಲಿ! ಅವಳನ್ನು ಮದುವೆಯಾಗಲು ಪೋಪ್ ಒಪ್ಪಲಿಲ್ಲ ಅಂತ ಇವನು ರೋಮಿನ ಸಹವಾಸವನ್ನೇ ಕಡಿದುಕೊಂಡ. ಕಾಗದ ಮಾತ್ರ ಪೋಪ್ ಮನೆ ಸೇರಿದವು. ಅದರಲ್ಲೊಂದರಲ್ಲಿ ನಿನ್ನ ಮುದ್ದಾದ ‘ಡಕ್ಕಿ’ಗಳಿಗೆ ಬೇಗ ಮುತ್ತಿಡುವ ಆಸೆ ಅಂತ ಬರೆದಿದ್ದಾನೆ. ಆ ಡಕ್ಕಿ ಬಾತುಕೋಳಿ ಅಲ್ಲ. ಎದೆ. ಅದು 1520ರ ದಶಕದ ಕೊನೆಯ ಮಾತು. 1536ರಲ್ಲಿ ಅದೇ ರಾಜ ಅವಳ ತಲೆ ತೆಗೆಸಿದ.

ಪದಕೆದಕ

ಅದು ನಿಜವಾದ ಪತ್ರವೇ. ಆದರೆ ಆ ಪದಕ್ಕೂ ‘ಮಿ ಡಕ್’ಗೂ ನಂಟು ಕಟ್ಟುವುದಕ್ಕೆ ನಾನು ಹೋಗಲ್ಲ. ಸಿಸ್ಟರ್ ನಾಳೆ ಡ್ಯೂಟಿಗೆ ಹೋಗಬೇಕು, ಆ ಅಜ್ಜನ ಮುಖ ನೋಡಬೇಕು.

ಹಾಸನದ ಸಿಸ್ಟರ್

ಅಯ್ಯಯ್ಯೋ. ಇಲಿಯವರೇ, ಇದನ್ನು ಓದದೇ ಇದ್ದಿದ್ದರೆ ಚೆನ್ನಾಗಿತ್ತು!

ಎಲ್ಲರಿಗೂ ಥ್ಯಾಂಕ್ಸ್. ಆ ಅಜ್ಜ ಹುಷಾರಾಗಿ ಮನೆಗೆ ಹೋಗಿ ಎಷ್ಟೋ ತಿಂಗಳಾಯ್ತು. ಹೋಗುವ ದಿನ ಗಾಲಿಕುರ್ಚಿಯಲ್ಲಿ ಲಿಫ್ಟ್ ತನಕ ಬಿಡೋಕೆ ಹೋಗಿದ್ದೆ. ಬಾಗಿಲು ತೆರೆದಾಗ ಅವರು ‘ಟರಾ, ಡಕ್’ ಅಂದು, ನಾನು ಬಗ್ಗುತ್ತೀನಾ ಅಂತ ಕಾದು ನೋಡಿದರು. ನಾನು ಬೇಕಂತಲೇ ಬಗ್ಗಿದೆ.

ನಾನು ತಿರುಗಿ ಹಾಗನ್ನಬಹುದಾ ಅಂತ ಕೇಳಿದ್ದೆ. ನಿನ್ನೆ ರಾತ್ರಿ ಪ್ರಯೋಗ ಮಾಡಿದೆ. ಹೊಸದಾಗಿ ಬಂದ ಅಜ್ಜಿಯೊಬ್ಬರಿಗೆ ಬಿಪಿ ನೋಡಿ ‘ಆಲ್ ಡನ್, ಮಿ ಡಕ್’ ಅಂದೆ. ಅವರು ಕಣ್ಣು ಅಗಲ ಮಾಡಿ ನೋಡಿದರು. ಆಮೇಲೆ, ‘ನೀನು ಯಾವ ಊರವಳು, ಡಕ್?’ ಅಂದರು. ಹಾಸನ ಅಂದೆ. ‘ಅದು ಸ್ಟೋಕ್ ಹತ್ತಿರಾನಾ?’ ಅಂದರು.

ಇನ್ನು ಗಂಡನ ವಿಷಯ. ಬಾಯ್ಲರ್ ಮತ್ತೆ ಕೆಟ್ಟಿದೆ. ಅದೇ ಮನುಷ್ಯ ನಾಳೆ ಬರ್ತಾನೆ. ಇವರು ಕನ್ನಡಿ ಮುಂದೆ ನಿಂತು ‘ಏ ಅಪ್, ಮಿ ಡಕ್’ ಅಭ್ಯಾಸ ಮಾಡ್ತಿದ್ದಾರೆ.

ಮಂಡ್ಯ ಟು ಬ್ರಿಸ್ಟಲ್

ಎಲ್ಲಾ ಓದಿದೆ, ಚೆನ್ನಾಗಿದೆ. ಮುಂದಿನ ತಿಂಗಳು ನಾವು ಬ್ರಿಸ್ಟಲ್ಲಿಗೆ ಹೋಗ್ತಿದ್ದೀವಿ. ಅಲ್ಲಿ ಏನಂತ ಕರೀತಾರೆ?

ಲೆಸ್ಟರ್ ಸೊಸೆ

ಅಲ್ಲಿ ಅಂಗಡಿಯವರು, ಬಸ್ಸಿನವರು ಎಲ್ಲಾ ‘ಮೈ ಲವರ್’ ಅಂತಾರೆ. ವಿಮಾನ ಹತ್ತುವ ಮುಂಚೆಯೇ ಮನೆಯವರಿಗೆ ಹೇಳಿಡಿ.